ಒಬ್ಬ ಆನ್‌ಲೈನ್ ಗುರುಗಳು, ನಾಲ್ಕು ಮಂದಿ ಉಪನ್ಯಾಸಕರು: ಕಲಬುರಗಿಯ ಒಂದು ಪ್ರಕರಣ

ಕಲಬುರಗಿ ಒಳಗ ಕಾಂಪಿಟೇಟಿವ್ ಎಕ್ಸಾಂ ಓದೋ ಹುಡುಗ್ರನ್ನ ಯಾರನ್ನಾದ್ರೂ ಕೇಳ್ರಿ, ಯೂಟ್ಯೂಬಿನ ಈ ಸರ್ ಗೊತ್ತಿಲ್ಲ ಅನ್ನೋರು ಸಿಗೋದು ಕಮ್ಮಿ. ಹೆಸರು ಬರಿಯಂಗಿಲ್ಲ ನಾ. ಅವರ ಮರ್ಯಾದೆ ತಗಿಯೋ ಸಲುವಾಗಿ ಇದನ್ನ ಬರಿಲಾಕತ್ತಿಲ್ಲ, ಮತ್ತ ಹೆಸರು ಹಾಕಿದ್ರ ಎಲ್ಲರೂ ಹೆಸರಿನ ಮ್ಯಾಲೇ ಜಗಳ ಆಡ್ಕೋತ ಕೂಡ್ತಾರ, ವಿಷಯ ಅಲ್ಲೇ ಉಳಿತದ. ಸುಮ್ನ 'ಸರ್' ಅಂತೀನಿ. ಮೊದಲ ಅವರು ಒಂದು ಕೋಚಿಂಗ್ ಸೆಂಟರ್‌ದಾಗ ಜನರಲ್ ನಾಲೆಜ್ ಹೇಳ್ತಿದ್ರು, ಖರೇ ಹೇಳ್ಬೇಕಂದ್ರ ಛಲೋನೇ ಹೇಳ್ತಿದ್ರು, ನಮ್ಮ ಕಡಿ ಭಾಷಾದಾಗ, ನಗಿಸ್ಕೋತ, ಇಸವಿ ನೆಪ್ಪಿಡಾಕ ಹಾಡು ಕಟ್ಕೋತ. ಹಳ್ಳಿಯಿಂದ ಬಂದ ಹುಡುಗ್ರಿಗೆ ಇಂಗ್ಲಿಷ್ ಪುಸ್ತಕ ಕಂಡ್ರ ಎದಿ ಡವಡವ ಅಂತಿತ್ತು, ಅಂಥವ್ರಿಗೆ ಈ ಮನುಷ್ಯಾ ದೇವರು ಕೊಟ್ಟಂಗ ಆಗಿದ್ರು.

ಇಲ್ಲಿ ಈ ಕೋಚಿಂಗ್ ಧಂದೆ ಯಾಕಿಷ್ಟು ಬೆಳೀತು ಅನ್ನೋದನ್ನ ಹೊರಗಿನವ್ರಿಗೆ ಒಂದೀಟು ಹೇಳ್ಬೇಕು. 2013 ರಾಗ ಸಂವಿಧಾನದ 371ಜೆ ಕಲಂ ಜಾರಿಗೆ ಬಂತಲ್ಲ, ಆವಾಗಿಂದ ನಮ್ಮ ಭಾಗದ ಸರ್ಕಾರಿ ನೌಕರಿ ಒಳಗ ಲೋಕಲ್ ಮಂದಿಗೆ ದೊಡ್ಡ ಪಾಲು ಮೀಸಲಾತು. ಎಫ್‌ಡಿಎ, ಪಿಡಿಒ, ಪಿಎಸ್‌ಐ, ಯಾವುದಾದ್ರೂ ಸರಿ, ಒಂದು ಆರ್ಡರ್ ಕಾಪಿ ಕೈಗೆ ಬಂದ್ರ ಮನಿ ಪೂರಾ ಬದಲಾಗ್ತದ. ಯಾದಗಿರಿಯಿಂದ, ಔರಾದದಿಂದ, ಅಫಜಲಪುರದಿಂದ ಹುಡುಗ್ರು ಬಂದು ರೂಮ್ ಮಾಡ್ಕೊಂಡು, ಮೂರ್ನಾಕು ಮಂದಿ ಕೂಡಿ ರೊಟ್ಟಿ ಪಲ್ಯಾ ಮಾಡ್ಕೊಂಡು, ರೀಡಿಂಗ್ ರೂಮಿನಾಗ ಮುಂಜಾನಿಂದ ರಾತ್ರಿ ತನಕ ಕೂಡ್ತಾರ. ಇಂಥವ್ರಿಗೆ ತಪ್ಪು ಮಾಹಿತಿ ಅಂದ್ರ ಬರೇ ತಪ್ಪು ಮಾಹಿತಿ ಅಲ್ರಿ, ನೆಗೆಟಿವ್ ಮಾರ್ಕ್ಸ್ ಇರೋ ಪರೀಕ್ಷೆದಾಗ ಅದು ಸೀದಾ ಹೊಟ್ಟಿ ಮ್ಯಾಲ ಹೊಡಿತದ.

ಸರ್ ಕೋಚಿಂಗ್ ಬಿಟ್ಟು ಯೂಟ್ಯೂಬಿಗೆ ಬಂದ್ರು, ಲಾಕ್‌ಡೌನ್ ಟೈಮಿಗೆ ನೋಡೋ ಮಂದಿ ಎಲ್ಲಿಲ್ಲದಂಗ ಬೆಳದ್ರು, ಆಮ್ಯಾಗ ನಿಧಾನಕ್ಕ ಮಾತು ಬದಲಾಗ್ಲಾಕ ಹತ್ತಿತು. ಮೊದಲ 'ಬಹಮನಿ ಸುಲ್ತಾನರು: ಹತ್ತು ಪ್ರಶ್ನೆ' ಅಂತಿದ್ದದ್ದು 'ನಿಮ್ಮಿಂದ ಮುಚ್ಚಿಟ್ಟ ಕಲಬುರಗಿ' ಆತು, ಅದಾದ ಮ್ಯಾಲ 'ಪ್ರೊಫೆಸರ್‌ಗಳು ಹೇಳದ ಸತ್ಯ' ಆತು. ಹೆಸರಿನ ಮುಂದ 'ಸಂಶೋಧಕ, ಚಿಂತಕ' ಬಂತು. ಹಿಂದ ಒಂದು ಪುಸ್ತಕದ ಕಪಾಟು ಬಂತು. ಆ ಕಪಾಟು ನಾ ಭಾಳ ಸಲ ವಿಡಿಯೋ ನಿಲ್ಲಿಸಿ ಝೂಮ್ ಹಾಕಿ ನೋಡೀನಿ (ಈ ಚಟ ನನಗ ಮೊದಲಿಂದ ಅದ, ಯಾರ ಮನಿಗೆ ಹೋದ್ರೂ ಪುಸ್ತಕದ ಬೆನ್ನು ಓದ್ತೀನಿ). ಮ್ಯಾಲಿನ ಸಾಲಿನಾಗ ಎನ್‌ಸೈಕ್ಲೋಪೀಡಿಯಾ ಸೆಟ್ಟು, ಪ್ಲಾಸ್ಟಿಕ್ ಹಾಳಿ ಸುದ್ದಾ ತಗದಿಲ್ಲ. ಕೆಳಗಿನ ಸಾಲಿನಾಗ, ಅವರ ಮೊಳಕೈ ಬಲ್ಲಿ, ಹಳೇ ಕೋಚಿಂಗ್ ಗೈಡುಗಳು, ಬೆನ್ನು ಹರದದ್ದು, ಸೆಲ್ಲೋ ಟೇಪ್ ಹಚ್ಚಿದ್ದು. ಓದಿದ್ದು ಯಾವ್ದು, ತೋರ್ಸಾಕ ಇಟ್ಟಿದ್ದು ಯಾವ್ದು ಅಂತ ತಿಳಿಲಿಕ್ಕ ಅಷ್ಟೇ ಸಾಕು. ಆದ್ರ ಆ ಹರದ ಗೈಡ್ ನೋಡಿ ನನಗ ಅವರ ಮ್ಯಾಲ ಸಿಟ್ಟು ಕಮ್ಮಿನೂ ಆತು, ಯಾಕಂದ್ರ ದುಡದ ಮನುಷ್ಯಾ ಅವರು.

ನಾವು ನಡುವ ಯಾಕ ಬಂದ್ವಿ ಅಂದ್ರ, ನನ್ನ ಕ್ಲಾಸ್ ಒಳಗ ಒಬ್ಬ ಹುಡುಗಿ ಎದ್ದು ನಿಂತು "ಸರ್, ಸನ್ನತಿದ್ದು ನೀವ್ ಪೂರ್ತಿ ಹೇಳ್ಲಿಲ್ಲ, ನಿಮಗ ಹೇಳಬ್ಯಾಡಂತ ಮ್ಯಾಲಿಂದ ಆರ್ಡರ್ ಅದ ಏನ್ರಿ?" ಅಂತ ಕೇಳಿದ್ಳು. ಸನ್ನತಿ ಅಂದ್ರ ನಮ್ಮ ಜಿಲ್ಲಾದಾಗ ಭೀಮಾ ದಂಡಿ ಮ್ಯಾಲಿನ ಊರು, ಅಶೋಕನ ಶಾಸನ ಸಿಕ್ಕದ್ದು ಅಲ್ಲೇ, ಅದರ ಮ್ಯಾಲ ಸರ್ ಮಾಡಿದ ವಿಡಿಯೋ ನೋಡಿ ಬಂದಿದ್ಳು. ಚೇಷ್ಟಾ ಮಾಡ್ಲಿಕ್ಕಲ್ಲ, ಖರೇನೇ ಕೇಳಿದ್ಳು. ನಾ ಅತಿಥಿ ಉಪನ್ಯಾಸಕ, ನನಗ ಮ್ಯಾಲಿಂದ ಗೌರವಧನನೇ ಟೈಮಿಗೆ ಬರಂಗಿಲ್ಲ, ಆರ್ಡರ್ ಎಲ್ಲಿಂದ ಬರ್ಬೇಕು. ಆದ್ರ ಆ ಪ್ರಶ್ನೆ ಹಿಂದ ಇದ್ದ ನಂಬಿಕಿ ನೋಡಿ ಸುಮ್ನ ಕೂಡೋದು ಸರಿ ಅನ್ನಿಸ್ಲಿಲ್ಲ. ಗಣಿತದ ಮೇಡಂ ಒಬ್ರು, ಮನಃಶಾಸ್ತ್ರದ ಉಪನ್ಯಾಸಕರು ಒಬ್ರು, ರಿಟೈರ್ ಆದ ಕನ್ನಡ ಸರ್ ಒಬ್ರು, ಮತ್ತ ಇತಿಹಾಸದ ನಾನು, ನಾಲ್ಕು ಮಂದಿ ಜಗತ್ ಸರ್ಕಲ್ ಹತ್ರದ ಚಹಾದಂಗಡಿ ಒಳಗ ಕೂಡ್ಲಿಕ್ಕ ಶುರು ಮಾಡಿದ್ವಿ. ಒಂದೇ ಒಂದು ಕಂಡೀಶನ್ ಹಾಕ್ಕೊಂಡ್ವಿ: ಯಾರ ಸಬ್ಜೆಕ್ಟ್ ಅವರೇ ನೋಡ್ಬೇಕು, ಗಣಿತದ್ದು ಮೇಡಂ, ವಚನದ್ದು ಕನ್ನಡ ಸರ್, ಶಾಸನದ್ದು ನಾನು, ಇನ್ನೊಬ್ಬರ ಹೊಲದಾಗ ಕಾಲಿಡಬಾರ್ದು. ಈ ಕಂಡೀಶನ್ ಮುಂದ ನಮಗೇ ತೊಡಕಾತು, ಅದು ಆಮ್ಯಾಗ ಬರ್ತದ.

ಹ್ಯಾಂಗ ನೋಡ್ಬೇಕು ಅನ್ನೋದಕ್ಕ ಒಂದು ಅಳತಿ ಬೇಕಿತ್ತು. ಮನಃಶಾಸ್ತ್ರದ ಸರ್ ಒಂದು ಪಾಡ್‌ಕಾಸ್ಟ್ ತೋರ್ಸಿದ್ರು, 'ಡಿಕೋಡಿಂಗ್ ದ ಗುರೂಸ್' ಅಂತ, ಕ್ರಿಸ್ ಕವನಾ ಅನ್ನೋ ಮಾನವಶಾಸ್ತ್ರಜ್ಞ ಮತ್ತ ಮ್ಯಾಥ್ಯೂ ಬ್ರೌನ್ ಅನ್ನೋ ಆಸ್ಟ್ರೇಲಿಯಾದ ಮನಃಶಾಸ್ತ್ರಜ್ಞ ಕೂಡಿ 2020 ರಾಗ ಶುರು ಮಾಡಿದ್ದು. ಇಂಗ್ಲಿಷ್ ಜಗತ್ತಿನ ಸ್ವಯಂಘೋಷಿತ ಚಿಂತಕರ ತಾಸುಗಟ್ಟಲೆ ಮಾತು ಇವರಿಬ್ರು ಕೂತು ಕೇಳ್ತಾರ, ಮನುಷ್ಯಾ ಯಾವ ಪಕ್ಷ ಅಂತ ನೋಡೋದಕ್ಕಿಂತ ಮಾತಾಡೋ ರೀತಿ ಹ್ಯಾಂಗದ ಅಂತ ನೋಡ್ತಾರ. 'ಗುರೋಮೀಟರ್' ಅಂತ ಹತ್ತು ಲಕ್ಷಣದ ಒಂದು ಪಟ್ಟಿ ಮಾಡ್ಯಾರ, ಒಂದೊಂದಕ್ಕ ಐದರ ತನಕ ಮಾರ್ಕ್ಸ್ ಕೊಡ್ತಾರ. ಎಲ್ಲಾ ವಿಷಯದಾಗೂ ನಾನೇ ತಜ್ಞ ಅನ್ನೋದು, ಯೂನಿವರ್ಸಿಟಿ, ಸರ್ಕಾರ, ಪೇಪರ್ ಎಲ್ಲಾ ಕೊಳೆತು ಹೋಗ್ಯಾವ ಅನ್ನೋದು, ನನಗ ಅನ್ಯಾಯ ಆಗ್ಯದ ಅಂತ ಅಳೋದು, 'ನಾ ಮೊದಲೇ ಹೇಳಿದ್ದೆ' ಅನ್ನೋದು, ಜಗತ್ತು ಬದಲಿಸೋ ಸಿದ್ಧಾಂತ ನನ್ನ ಹತ್ರ ಅದ ಅನ್ನೋದು, ಕೇಳೋರನ್ನ ಒಂದು ಪಂಗಡ ಮಾಡ್ಕೊಳ್ಳೋದು, ಕಡೀಕ ಏನಾದ್ರೂ ಮಾರೋದು, ಹಿಂಗ. ನಾವು ಅದನ್ನ ಹಂಗೇ ಎತ್ಕೊಂಡು ಇಲ್ಲಿ ಹಚ್ಚಿಲ್ಲ, ಅವರು ನೋಡೋದು ಅಮೆರಿಕ, ಕೆನಡಾದಂಥ ಕಡಿ ದೊಡ್ಡ ದೊಡ್ಡ ಕುಳಗಳನ್ನ, ನಮ್ಮ ಸರ್ ಸೇಡಂ ರೋಡಿನ ಬಾಡಿಗಿ ಮನಿಯಾಗ ಇರೋರು. ಅವರಿಗೂ ಇವರಿಗೂ ಎಲ್ಲಿ ಹೋಲಿಕಿ ಅಂತ ಕನ್ನಡ ಸರ್ ಮೊದಲ ನಕ್ಕೇ ಬಿಟ್ರು. ಆಮ್ಯಾಗ ಒಂದು ವಿಡಿಯೋ ಪೂರಾ ನೋಡಿದ್ರು, ನಗೋದು ಬಿಟ್ರು.

ಮೊದಲ ವಚನದ್ದು. ಇದು ಸರಳ ಇತ್ತು. ಸೋಲು, ಗೆಲುವು, ಗುರಿ, ಛಲ ಅಂತೆಲ್ಲಾ ಇದ್ದು ಕೊನೆಗೆ 'ಕೂಡಲಸಂಗಮದೇವ' ಅಂತ ಅಂಕಿತ ಹಚ್ಚಿದ ಒಂದು ನಾಲ್ಕು ಸಾಲನ್ನ ಬಸವಣ್ಣನವರದು ಅಂತ ಸರ್ ಭಾಳ ಸಲ ಹೇಳ್ಯಾರ, ಹುಡುಗ್ರು ಅದನ್ನ ಸ್ಟೇಟಸ್ ಇಟ್ಕೊಂಡಾರ, ಒಂದು ಆಟೋದ ಹಿಂದನೂ ಬರೆಸ್ಯಾರ. ಕನ್ನಡ ಸರ್ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ಸಮಗ್ರ ವಚನ ಸಂಪುಟದಾಗ ಹುಡುಕಿದ್ರು, ಅದು ಸರ್ಕಾರನೇ ತಂದ 15 ಸಂಪುಟದ ಜನಪ್ರಿಯ ಆವೃತ್ತಿ, ಕೊನೆಗೆ ಅಕಾರಾದಿ ಅದ. ಸಿಗ್ಲಿಲ್ಲ. ವಚನ ಸಂಚಯ ಅನ್ನೋ ವೆಬ್‌ಸೈಟಿನಾಗ ಒಂದೊಂದೇ ಪದ ಹಾಕಿ ಹುಡುಕಿದ್ರೂ ಸಿಗ್ಲಿಲ್ಲ. ಬ್ಯಾರೆ ಶರಣರದ್ದು ಇರಬಹುದಂತ ಅದನ್ನೂ ನೋಡಿದ್ರು, ಇಲ್ಲ. ಅಷ್ಟೇ, ಮುಗೀತು. ಒಂದು ಮುಂಜಾನಿ ಕೆಲಸ. ಬಸವಕಲ್ಯಾಣ ನಮ್ಮ ಮನಿ ಬಾಗಿಲಿಗೇ ಇದ್ದು, 1923 ರಾಗ ಫ.ಗು. ಹಳಕಟ್ಟಿಯವರು ವಚನಶಾಸ್ತ್ರಸಾರ ಅಚ್ಚು ಮಾಡ್ಸಿ ನೂರು ವರ್ಷ ಆಗಿ ಹೋದ ಮ್ಯಾಲೂ, ಒಂದು ವಚನ ಖರೇನಾ ಸುಳ್ಳಾ ಅಂತ ತಗದು ನೋಡೋ ರೂಢಿ ನಮ್ಮಾಗ ಇಲ್ಲ ನೋಡ್ರಿ, ಅದು ಸರ್ ಒಬ್ಬರದೇ ತಪ್ಪಲ್ಲ.

ಸನ್ನತಿದ್ದು ಹಂಗಿರಲಿಲ್ಲ, ಅದರಾಗ ಖರೇನೂ ಸುಳ್ಳೂ ಕಲಸಿ ಬಿಟ್ಟಿತ್ತು. ಸರ್ ಹೇಳೋ ಕಥಿ ಹಿಂಗದ: ಅಶೋಕ ಚಕ್ರವರ್ತಿ ಖುದ್ದು ಭೀಮಾ ನದಿ ದಂಡಿಗೆ ಬಂದಿದ್ದ, ಇಲ್ಲಿಯ ಶಿಲ್ಪಿಗಳು ಅವನನ್ನ ಎದುರಿಗೆ ಕುಂದ್ರಿಸಿ ಮೂರ್ತಿ ಕೆತ್ತಿದ್ರು, ಅದು ಅವನ ಖರೇ ಮುಖ, ಇದೆಲ್ಲಾ ಹೊರಗ ಬಂದ್ರ ಉತ್ತರ ಭಾರತದವರ ಇತಿಹಾಸ ತಲಿಕೆಳಗ ಆಗ್ತದಂತ ಪುರಾತತ್ವ ಇಲಾಖೆ ಮತ್ತ ಪ್ರೊಫೆಸರ್‌ಗಳು ಕೂಡಿ ಮುಚ್ಚಿ ಹಾಕ್ಯಾರ.

ಇದರಾಗ ಖರೇ ಏನದ ಅಂದ್ರ, 1986 ರಾಗ ಸನ್ನತಿ ಚಂದ್ರಲಾಂಬ ಗುಡಿ ಆವರಣದಾಗ ಕಾಳಿ ಗುಡಿಯ ಮಾಳಿಗಿ ಕುಸದು ಬಿತ್ತು, ಮೂರ್ತಿ ಒಡೀತು, ಕೆಳಗಿನ ಪೀಠದ ಕಲ್ಲು ನೋಡಿದ್ರ ಅದರ ಮ್ಯಾಲ ಬ್ರಾಹ್ಮಿ ಲಿಪಿ ಒಳಗ ಅಶೋಕನ ಶಾಸನ. ಎಷ್ಟೋ ವರ್ಷ ಮಂದಿ ಅದರ ಮ್ಯಾಲೇ ಕುಂಕುಮ ಏರಿಸ್ಯಾರ, ಯಾರಿಗೂ ಗೊತ್ತಿರ್ಲಿಲ್ಲ. ಅದರಾಗ 12 ಮತ್ತ 14ನೇ ಬಂಡೆ ಶಾಸನದ ಪಾಠ ಅದ, ಜೊತಿಗೆ ಒಡಿಶಾದ ಧೌಲಿ, ಜೌಗಡದಾಗ ಸಿಗೋ ಎರಡು ಪ್ರತ್ಯೇಕ ಶಾಸನಗಳೂ ಅವ. ಕಳಿಂಗಕ್ಕ ಬರೆಸಿದ್ದು ಅಂತ ಎಲ್ಲರೂ ತಿಳ್ಕೊಂಡಿದ್ದ ಶಾಸನ ಭೀಮಾ ದಂಡಿಯಾಗ ಯಾಕ ಬಂತು ಅನ್ನೋದು ವಿದ್ವಾಂಸರಿಗೂ ಖರೇನೇ ಆಶ್ಚರ್ಯದ ವಿಷಯ. ಅಲ್ಲೇ ಬಾಜೂಕ ಕನಗನಹಳ್ಳಿ ಒಳಗ 1994 ರಿಂದ ಅಗದ್ರು, ದೊಡ್ಡ ಸ್ತೂಪ ಸಿಕ್ತು, ಒಂದು ಫಲಕದ ಮ್ಯಾಲ ರಾಜಾ, ಸುತ್ತ ಛತ್ರಿ ಚಾಮರ ಹಿಡಿದ ಹೆಣ್ಮಕ್ಕಳು, ಮ್ಯಾಲ ಬ್ರಾಹ್ಮಿ ಒಳಗ 'ರಾಯೋ ಅಸೋಕೋ'. ಹೆಸರು ಕೆತ್ತಿದ ಅಶೋಕನ ಶಿಲ್ಪ, ಜಗತ್ತಿನಾಗೇ ಅಪರೂಪದ್ದು, ಅದು ನಮ್ಮ ಚಿತ್ತಾಪುರ ತಾಲೂಕಿನಾಗ ಸಿಕ್ಕದ. ಇಷ್ಟು ಹೇಳಿದ್ರೇ ಮೈ ಝುಂ ಅಂತದ, ಇದರ ಮ್ಯಾಲ ಮಸಾಲಿ ಯಾಕ ಹಾಕ್ಬೇಕು ಅನ್ನೋದೇ ನನಗ ತಿಳಿವಲ್ದು.

ಮಸಾಲಿ ಏನಂದ್ರ, ಆ ಶಿಲ್ಪ ಅಶೋಕ ಬದುಕಿದ್ದಾಗಿಂದಲ್ಲ. ಸ್ತೂಪದ ಫಲಕಗಳು ಶಾತವಾಹನರ ಕಾಲದವು, ಅದೇ ಜಾಗದಾಗ ಶಾತವಾಹನ ರಾಜರ ಹೆಸರು ಕೆತ್ತಿದ ಶಿಲ್ಪಾನೂ ಅವ, ಅಶೋಕ ತೀರಿ ತಲೆಮಾರುಗಳು ಕಳದ ಮ್ಯಾಲ ಕೆತ್ತಿದ್ದು. ಶಿಲ್ಪಿ ಅವನ ಮುಖ ನೋಡಿರ್ಲಿಕ್ಕೆ ಸಾಧ್ಯನೇ ಇಲ್ಲ. ಅಶೋಕ ಇಲ್ಲಿಗೆ ಬಂದಿದ್ದ ಅಂತ ಆ ಶಾಸನದಾಗ ಎಲ್ಲೂ ಇಲ್ಲ. ಮುಚ್ಚಿ ಹಾಕ್ಯಾರ ಅನ್ನೋದಂತೂ ಪೂರಾ ಸುಳ್ಳು, ಶಾಸನ ಓದಿ ಪ್ರಕಟ ಮಾಡ್ಯಾರ, ಕನಗನಹಳ್ಳಿ ಉತ್ಖನನದ ವರದಿ ಕೆ.ಪಿ. ಪೂಣಚ್ಚ ಬರ್ದಾರ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆನೇ ಫೋಟೋ ಸಮೇತ ದಪ್ಪನ್ನ ಪುಸ್ತಕ ತಂದದ. ಇನ್ನೊಂದು ಮಜಾ ಹೇಳ್ತೀನಿ. ಅದೇ ಕಲ್ಲಿನ ಮ್ಯಾಲಿರೋ 12ನೇ ಶಾಸನದ ಸಾರ ಏನಪಾ ಅಂದ್ರ, ಮಾತಿನ ಮ್ಯಾಲ ಹಿಡಿತ ಇರಲಿ, ಸುಮ್ಸುಮ್ನ ತನ್ನ ಪಂಥನೇ ಹೊಗಳ್ಕೊಂಡು ಇನ್ನೊಬ್ಬರ ಪಂಥ ತೆಗಳಬ್ಯಾಡ ಅಂತ. ಸರ್ ಸನ್ನತಿ ಮ್ಯಾಲ ಸಾಲು ಸಾಲು ವಿಡಿಯೋ ಮಾಡ್ಯಾರ, ಶಾಸನದಾಗ ಏನು ಬರೆದದ ಅಂತ ಒಂದರಾಗೂ ಓದಿಲ್ಲ.

ಆದ್ರ ಇಲ್ಲೇ ನಮ್ಮ ನಾಲ್ಕು ಮಂದಿ ಒಳಗ ದೊಡ್ಡ ಚರ್ಚಾ ಆತು. ಆ ವರದಿ ಇಂಗ್ಲಿಷ್‌ದಾಗ ಅದ. ಕಲಬುರಗಿಯಾಗ ಎಷ್ಟು ಲೈಬ್ರರಿ ಒಳಗ ಒಬ್ಬ ಡಿಗ್ರಿ ಹುಡುಗ ಹೋಗಿ ಕೇಳಿದ್ರ ಅದನ್ನ ಕೈಗೆ ಕೊಡ್ತಾರ ಹೇಳ್ರಿ? ಕನ್ನಡದಾಗ, ಓದೋ ಹಂಗ, ಫೋನಿನಾಗ ಬರೋ ಹಂಗ, ಅದರ ಸಾರ ಹೇಳಿದವರು ಎಷ್ಟು ಮಂದಿ? ಸೆಮಿನಾರು ನಡೀತಾವ, ಪ್ರಬಂಧ ಓದ್ತಾರ, ಊಟ ಆಗ್ತದ, ಸರ್ಟಿಫಿಕೇಟ್ ಕೊಡ್ತಾರ, ಆ ಪ್ರಬಂಧ ಪ್ರಮೋಶನ್ ಫೈಲಿನಾಗ ಹೋಗಿ ಕೂಡ್ತದ. ಯಾರೂ ಮುಚ್ಚಿಟ್ಟಿಲ್ಲ, ಆದ್ರ ಯಾರೂ ಮುಟ್ಟಿಸಿನೂ ಇಲ್ಲ, ಸನ್ನತಿಯಿಂದ ಬಂದ ಹುಡುಗನಿಗೆ ಎರಡೂ ಒಂದೇ. ಸರ್ ಅವರ ಬಂಡವಾಳ ಇರೋದು ಈ ಸಂದಿ ಒಳಗ. ಮನಃಶಾಸ್ತ್ರದ ಸರ್ ಇದಕ್ಕ ಒಪ್ಲಿಲ್ಲ, ಲೈಬ್ರರಿ ಇಲ್ಲಂತ ಸುಳ್ಳು ಹೇಳೋದು ನ್ಯಾಯ ಆಗ್ತದ ಏನ್ರಿ ಅಂದ್ರು. ಅದೂ ಖರೇನೇ. ನಾ ಮಾತ್ರ ಈಗಲೂ ನಂದೇ ಸರಿ ಅಂತೀನಿ, ಸುಳ್ಳು ಹ್ಯಾಂಗ ಹುಟ್ಟಿತು ಅನ್ನೋದಕ್ಕಿಂತ ಅದು ಯಾಕ ಇಷ್ಟು ಸಲೀಸಾಗಿ ಬಾಳಿತು ಅನ್ನೋದು ದೊಡ್ಡ ಪ್ರಶ್ನೆ.

ಇನ್ನ ಶೂನ್ಯದ್ದು, ಇದು ಮೇಡಂ ಅವರ ಪಾಲು. ಮಳಖೇಡ, ರಾಷ್ಟ್ರಕೂಟ, ಅಮೋಘವರ್ಷ, ಕವಿರಾಜಮಾರ್ಗ ಅಂತ ಸರ್ ಶುರು ಮಾಡ್ತಾರ, ಅಲ್ಲಿಗೆ ಎಲ್ಲಾ ಬರೋಬ್ಬರಿ. ಅಮೋಘವರ್ಷನ ಕಾಲದಾಗ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರ್ದ, ಗ್ರಂಥದ ಆರಂಭದಾಗ ರಾಜನ್ನ ಹೊಗಳ್ಯಾನ, ಅದೂ ಖರೇ. ಅಲ್ಲಿಂದ ಸರ್ ಒಂದೇ ಜಿಗಿತ ಜಿಗದು ಶೂನ್ಯದಿಂದ ಭಾಗಿಸೋ ರಹಸ್ಯ ಅವನೇ ಬಿಡಿಸಿದ, ಆ ರಹಸ್ಯ ಅಲ್ಲಮಪ್ರಭುಗಳು ಶೂನ್ಯಸಂಪಾದನೆ ಬರ್ದು ಮುಂದುವರೆಸಿದ್ರು, ಈಗಿನ ಕಂಪ್ಯೂಟರ್ ನಡಿಯೋದೇ ಅದರ ಮ್ಯಾಲ ಅಂತ ಹೇಳಿ ಬಿಡ್ತಾರ. ಮೇಡಂ 1912 ರಾಗ ಮದರಾಸಿನಿಂದ ಬಂದ ರಂಗಾಚಾರ್ಯರ ಅನುವಾದ ತಗದು ತೋರ್ಸಿದ್ರು, ಮಹಾವೀರ ಹೇಳಿದ್ದು ಏನಂದ್ರ ಯಾವ ಸಂಖ್ಯೆನ ಶೂನ್ಯದಿಂದ ಭಾಗಿಸಿದ್ರೂ ಅದು ಹಂಗೇ ಉಳಿತದ ಅಂತ. ಈಗಿನ ಗಣಿತದ ಪ್ರಕಾರ ಅದು ತಪ್ಪು. "ಮಹಾವೀರನದು ಯಾವ್ದು ತಪ್ಪದ ಅದನ್ನ ಹೊತ್ಕೊಂಡು ಮೆರಸ್ತಾರ, ಖರೇ ದೊಡ್ಡ ಕೆಲಸ ಬಿಟ್ಟು ಬಿಡ್ತಾರ" ಅಂತ ಮೇಡಂ ಸಿಟ್ಟಾದ್ರು. ಇಷ್ಟು ವಸ್ತುವಿನಾಗ ಇಷ್ಟನ್ನ ಎಷ್ಟು ರೀತಿ ಆರಿಸಬಹುದು ಅನ್ನೋದಕ್ಕ ಸಾಮಾನ್ಯ ಸೂತ್ರ ಕೊಟ್ಟವ ಮಹಾವೀರ, ಪಿಯುಸಿ ಹುಡುಗ್ರು ಎನ್‌ಸಿಆರ್ ಅಂತ ಬಾಯಿಪಾಠ ಮಾಡ್ತಾರಲ್ಲ ಅದು. ಋಣ ಸಂಖ್ಯೆಗೆ ವರ್ಗಮೂಲ ಇಲ್ಲಂತ ನೆಟ್ಟಗ ಹೇಳಿದವನೂ ಅವನೇ. ಶೂನ್ಯಸಂಪಾದನೆದ್ದು ಕನ್ನಡ ಸರ್ ಒಂದೇ ಮಾತಿನಾಗ ಮುಗಿಸಿದ್ರು: ಅದು ಅಲ್ಲಮ ಬರೆದದ್ದಲ್ಲ, 12ನೇ ಶತಮಾನದ ವಚನಗಳನ್ನ ಸಂವಾದದ ಹಂಗ ಜೋಡಿಸಿ 15ನೇ ಶತಮಾನದಾಗ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲ ಸಲ ಕಟ್ಟಿದ್ದು, ಅದರಾಗ ಲೆಕ್ಕ ಹುಡುಕೋದು ಬ್ಯಾಡ.

ಇಷ್ಟೆಲ್ಲಾ ಆದ್ಮ್ಯಾಲ ಒಂದು ಉಳೀತು. ಸರ್ ಈಚೀಚೆಗೆ ಇತಿಹಾಸ ಬಿಟ್ಟು 'ಪ್ರಜ್ಞೆ'ದ ಮ್ಯಾಲ ಮಾತಾಡ್ತಾರ, ಅವನ್ನ ಖರೇ ಸುಳ್ಳು ಅಂತ ಚೆಕ್ ಮಾಡ್ಲಿಕ್ಕೇ ಬರಂಗಿಲ್ಲ, ಯಾಕಂದ್ರ ಅರ್ಥನೇ ಇಲ್ಲ. ಕೆನಡಾದ ಗಾರ್ಡನ್ ಪೆನಿಕುಕ್ ಮತ್ತವರ ಸಂಗಡಿಗರು 2015 ರಾಗ ಇದರ ಮ್ಯಾಲೇ ಒಂದು ಸಂಶೋಧನಾ ಮಾಡ್ಯಾರ, ಕಂಪ್ಯೂಟರ್‌ನಿಂದ ಭಾರಿ ಭಾರಿ ಪದ ಅಡ್ಡಾದಿಡ್ಡಿ ಜೋಡಿಸಿ ವಾಕ್ಯ ಮಾಡಿ ಮಂದಿಗೆ ತೋರ್ಸಿ ಇದು ಎಷ್ಟು ಆಳದ ಮಾತು ಅಂತ ಕೇಳ್ಯಾರ, ಭಾಳ ಮಂದಿ ಅದರಾಗ ಒಂದೀಟಾದ್ರೂ ಆಳ ಅದ ಅಂದಾರ. ಅವರಿಗೆ ಮುಂದಿನ ವರ್ಷ ಇಗ್ ನೊಬೆಲ್ ಬಂತು, ನಗಿಸಿ ಯೋಚನಾ ಹಚ್ಚೋ ಸಂಶೋಧನಾಕ್ಕ ಕೊಡ್ತಾರಲ್ಲ ಅದು. ಮೇಡಂಗೆ ಇದು ಭಾಳ ಹಿಡಿಸ್ತು. ಸರ್ ಅವರ ವಿಡಿಯೋದಿಂದ ಪ್ರಜ್ಞೆ, ಕಂಪನ, ಬೆಳಕು, ಮೌನ, ಅನಂತ, ಬೀಜ ಅಂತ ಪದಗಳು ಆರಿಸಿ ಹಳೇ ಪ್ರಶ್ನೆಪತ್ರಿಕೆ ಹಿಂದಿನ ಖಾಲಿ ಬಾಜೂಕ ಬರ್ದು, ಚೀಟಿ ಹರದು, ಸ್ಟೀಲ್ ಡಬ್ಬಿ ಒಳಗ ಹಾಕಿದ್ರು. ಹುಡುಗ್ರನ್ನ ಕರದು ಚೀಟಿ ಎತ್ತಿಸಿದ್ರು, ಬಂದ ಪದಗಳಿಗೆ ವಿಭಕ್ತಿ ಹಚ್ಚಿ ವಾಕ್ಯ ಮಾಡ್ರಿ ಅಂದ್ರು. 'ಮೌನದ ಬೀಜದಲ್ಲಿ ಕಂಪನದ ಅನಂತ ಅದ' ಅಂಥವು ಬಂದ್ವು. ಅವನ್ನ ಸರ್ ಅವರ ಖರೇ ಮಾತಿನ ಸಂಗಟ ಕಲಸಿ ಇನ್ನೊಂದು ಕ್ಲಾಸಿಗೆ ಕೊಟ್ಟು ಗುರುಗಳದು ಯಾವ್ದು ಹೇಳ್ರಿ ಅಂದ್ರ, ಸರ್ ಅವರ ಪಕ್ಕಾ ಅಭಿಮಾನಿಗಳೇ ಡಬ್ಬಿದ್ದನ್ನ ಎತ್ತಿ ಎತ್ತಿ ಕೊಟ್ರು. ಇದು ಸಂಶೋಧನಾ ಅಲ್ಲ, ಲೆಕ್ಕ ಇಟ್ಟಿಲ್ಲ, ಪ್ರಬಂಧ ಬರಿಯಂಗಿಲ್ಲ. ಆದ್ರ ಕ್ಲಾಸಿನಾಗ ಅವತ್ತು ಬಿದ್ದ ನಗಿ ನೋಡ್ಬೇಕಿತ್ತು. ಒಬ್ಬ ಹುಡುಗ ಮಾತ್ರ ನಗಲಿಲ್ಲ, ಅವ ಸರ್ ಅವರ ಆನ್‌ಲೈನ್ ಕೋರ್ಸಿಗೆ ರೊಕ್ಕ ಕಟ್ಟಿದ್ದ.

ಸಿಕ್ಕಿದ್ದೆಲ್ಲಾ ಒಂದು ರೀಡಿಂಗ್ ರೂಮಿನಾಗ ಒಂದು ಆಯ್ತವಾರ ಇಟ್ವಿ. ಭಾಷಣ ಮಾಡ್ಲಿಲ್ಲ. ಟೇಬಲ್ ಮ್ಯಾಲ ವಚನ ಸಂಪುಟ, ಗಣಿತಸಾರಸಂಗ್ರಹದ ಪ್ರಿಂಟ್‌ಔಟ್, ಕನಗನಹಳ್ಳಿ ವರದಿಯ ಝೆರಾಕ್ಸ್ ಪುಟ, ಬಾಜೂಕ ಲ್ಯಾಪ್‌ಟಾಪಿನಾಗ ಸರ್ ಅವರ ವಿಡಿಯೋ, ನೀವೇ ಹುಡುಕ್ರಿ ನೀವೇ ಹೇಳ್ರಿ ಅಂದ್ವಿ. ಸರ್ ಅವರಿಗೂ ಫೋನ್ ಮಾಡಿ ಕರದಿದ್ವಿ. ಬರ್ತೀನಿ ಅಂದ್ರು, ಬರ್ಲಿಲ್ಲ. ಎರಡು ದಿನ ಬಿಟ್ಟು ಉತ್ತರದ ವಿಡಿಯೋ ಬಂತು, ಲಕ್ಷಗಟ್ಟಲೆ ಪಗಾರ ತಗೊಂಡು ಎಸಿ ರೂಮಿನಾಗ ಕೂಡೋ ಪ್ರೊಫೆಸರ್‌ಗಳಿಗೆ ಬಡವರ ಮಗ ಬೆಳೆದದ್ದು ನೋಡ್ಲಿಕ್ಕಾಗವಲ್ದು ಅಂತ. ನಾಲ್ವರಾಗ ಇಬ್ರು ಅತಿಥಿ ಉಪನ್ಯಾಸಕರು, ಒಬ್ರು ಪೆನ್ಶನ್ದಾರರು. ಎಸಿ ಅಂದ ಕೂಡ್ಲೇ ಮೇಡಂ ನಮ್ಮ ಸ್ಟಾಫ್ ರೂಮಿನ ಫ್ಯಾನ್ ನೆನಸಿ ನಕ್ರು, ಅದರ ರೆಗ್ಯುಲೇಟರ್ ಸುಟ್ಟು ಹೋಗ್ಯದ, ಬ್ಯಾಸಿಗ್ಯಾಗ ಕಲಬುರಗಿ ಬಿಸಿಲು ಹ್ಯಾಂಗಿರ್ತದಂತ ನಿಮಗೇ ಗೊತ್ತದ. ವಚನದ ಬಗ್ಗೆ, ಶಿಲ್ಪದ ಬಗ್ಗೆ, ಆ ವಿಡಿಯೋದಾಗ ಒಂದು ಮಾತಿಲ್ಲ. ಗುರೋಮೀಟರಿನಾಗ 'ಅನ್ಯಾಯದ ಅಳು' ಅನ್ನೋ ಕಾಲಂ ಅದಲ್ಲ, ಅಲ್ಲಿ ತನಕ ನಾವು ಅದಕ್ಕ ಕಮ್ಮಿ ಮಾರ್ಕ್ಸ್ ಕೊಟ್ಟಿದ್ವಿ. ಆ ವಿಡಿಯೋ ನೋಡಿ ಮನಃಶಾಸ್ತ್ರದ ಸರ್ ಸುಮ್ನ ಪೆನ್ನು ತಗದು ತಿದ್ದಿದ್ರು.

ಅಭಿಮಾನಿಗಳ ಫೋನು, ಬೈಗುಳ, ಜಾತಿ ಹಿಡಿದು ಮಾತಾಡೋದು, ಅದನ್ನೆಲ್ಲಾ ಬರಿಯಂಗಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ.

ಈಗ ತೊಡಕಿನ ಮಾತು. ನಮ್ಮ ಕೆಲಸ ಸುದ್ದಿ ಆದ ಮ್ಯಾಲ ಇಲ್ಲಿನ ಒಂದು ದೊಡ್ಡ ಸಂಸ್ಥೆಯ ಹಿರಿ ಪ್ರೊಫೆಸರ್ ಒಬ್ರು ನಮ್ಮ ಬೆಂಬಲಕ್ಕ ಅಂತ ತಾವೇ ಒಂದು ವಿಡಿಯೋ ಮಾಡಿದ್ರು. ಅವರ ಸಬ್ಜೆಕ್ಟ್ ವಾಣಿಜ್ಯ. ಸರ್ ಅವರನ್ನ ಬೈಯೋದು ಬೈದ್ರು, ಆಮ್ಯಾಗ ಹುರುಪು ಏರಿ ಬಸವಣ್ಣನವರ ಹೆಸರಿನಾಗ ಇರೋ ವಚನ ಎಲ್ಲಾ ಆಮ್ಯಾಗ ಯಾರೋ ಬರೆದದ್ದು, ವಿದ್ವಾಂಸರೆಲ್ಲಾ ಇದನ್ನ ಒಪ್ಪ್ಯಾರ ಅಂದು ಬಿಟ್ರು. ಯಾವ ವಿದ್ವಾಂಸರು, ಎಲ್ಲಿ? ಕನ್ನಡ ಸರ್ ತಲಿ ಮ್ಯಾಲ ಕೈ ಹೊತ್ತು ಕುಂತ್ರು. ಹಸ್ತಪ್ರತಿಗಳು ವಚನಕಾರರ ಕಾಲಕ್ಕಿಂತ ಭಾಳ ಈಚಿನವು, ಪಾಠಾಂತರ ಅವ, ಕೆಲವು ವಚನ ಯಾರದು ಅನ್ನೋದರ ಮ್ಯಾಲ ಚರ್ಚಾ ಅದ, ಸೇರಿಸಿದ್ದವೂ ಅವ, ಅದಕ್ಕಂತೇ ಹಳಕಟ್ಟಿಯವರಿಂದ ಕಲಬುರ್ಗಿಯವರ ತನಕ ಸಂಪಾದಕರು ಜೀವ ತೇಯ್ದಾರ. ಅದಕ್ಕೂ 'ಎಲ್ಲಾ ಸುಳ್ಳು' ಅನ್ನೋದಕ್ಕೂ ಅಜಗಜಾಂತರ ಅದ. ಇವರು ಡಾಕ್ಟರೇಟ್ ಇದ್ದವರು, ಸರ್ ಇಲ್ಲದವರು, ಬಿಟ್ರ ಇಬ್ಬರ ಮಾತಿನ ರೀತಿ ಒಂದೇ: ತಮ್ಮದಲ್ಲದ ಹೊಲ, ಎಲ್ಲಾ ಗೊತ್ತದ ಅನ್ನೋ ಗತ್ತು, ಆಧಾರ ಕೇಳಿದ್ರ ಹೆಸರಿಲ್ಲದ ವಿದ್ವಾಂಸರು.

ಏನ್ ಮಾಡ್ಬೇಕು ಅಂತ ಜಗಳನೇ ಆತು. ನಮ್ಮ ಪರ ನಿಂತವರು, ಹಿರಿಯರು, ನಾಳೆ ನನ್ನಂಥವನ ಇಂಟರ್‌ವ್ಯೂ ಬೋರ್ಡಿನಾಗ ಕುಂದ್ರಬಹುದಾದವರು. ಮನಃಶಾಸ್ತ್ರದ ಸರ್ ಬಿಟ್ಟು ಬಿಡ್ರಿ, ಶತ್ರುವಿಗೆ ಆಯುಧ ಕೊಟ್ಟಂಗ ಆಗ್ತದ ಅಂದ್ರು. ಕನ್ನಡ ಸರ್ ಕೇಳ್ಲಿಲ್ಲ. "ರಿಟೈರ್ ಆದವನಿಗೆ ಏನ್ ಮಾಡ್ತಾರಪಾ, ನಂದೊಂದೇ ಹೆಸರು ಹಾಕ್ರಿ" ಅಂತ ಹೇಳಿ, ಮುಂದಿನ ಆಯ್ತವಾರ ಅದೇ ರೀಡಿಂಗ್ ರೂಮಿನಾಗ, ಅದೇ ಟೇಬಲ್ ಮ್ಯಾಲ, ಅದೇ ಸಂಪುಟ ಇಟ್ಕೊಂಡು ಆ ಪ್ರೊಫೆಸರ್ ಹೇಳಿದ್ದು ಹ್ಯಾಂಗ ತಪ್ಪು ಅಂತ ತೋರ್ಸಿದ್ರು. ನೋಡ್ರಿ, ಮೊದಲ ಆಯ್ತವಾರ ಸರ್ ಅವರ ಅಭಿಮಾನಿಗಳು ಕೈಕಟ್ಕೊಂಡು ಹಿಂದಿನ ಗ್ವಾಡಿಗೆ ನಿಂತಿದ್ರು, ಈ ಸಲ ಅವರಾಗ ಕೆಲವರು ಮುಂದ ಬಂದು ಸಂಪುಟ ತಿರುವ್ಯಾಡ್ಲಿಕ್ಕ ಹತ್ತಿದ್ರು. ಒಬ್ಬ ಹುಡುಗ, ಜೇವರ್ಗಿ ಕಡಿಯವ, ಅವನೇ ಆ ನಾಲ್ಕು ಸಾಲು ಹುಡುಕಿದ, ಮ್ಯಾಲಿಂದ ಕೆಳಗ ಬೆರಳಿಟ್ಟು, ಸಿಗ್ಲಿಲ್ಲ, ಮತ್ತ ಮೊದಲಿಂದ ಹುಡುಕಿದ. ನಾವು ತಿಂಗಳುಗಟ್ಟಲೆ ಹೇಳಿದ್ದು ಅವನ ತಲ್ಯಾಗ ಇಳಿದಿರ್ಲಿಲ್ಲ, ನಮ್ಮವರನ್ನೇ ನಾವು ತಿದ್ದಿದ್ದು ನೋಡಿದ ಮ್ಯಾಲ ಪುಸ್ತಕ ಮುಟ್ಟಿದ. ಈ ಪ್ರಕರಣದಾಗ ನನಗ ಮುಖ್ಯ ಅನ್ಸೋದು ಇದೊಂದೇ ಘಟನಾ, ಬಾಕಿ ಫ್ಯಾಕ್ಟ್ ಚೆಕ್ ಎಲ್ಲಾ ಯಾರಾದ್ರೂ ಮಾಡಬಹುದಿತ್ತು.

ಹಿರಿ ಪ್ರೊಫೆಸರ್ ನಮ್ಮ ಸಂಗಟ ಮಾತು ಬಿಟ್ಟಾರ. ಮದುವಿ ಮುಂಜಿವಿ ಒಳಗ ಎದುರಿಗೆ ಸಿಕ್ರ ಫೋನ್ ನೋಡ್ತಾರ.

ಸರ್ ಅವರ ಚಾನೆಲ್ ನಡೀಲಾಕತ್ತದ. ವಚನದ ವಿಡಿಯೋ ಸದ್ದಿಲ್ಲದೆ ತಗದ್ರು, ತಪ್ಪಾಗಿತ್ತು ಅಂತ ಹೇಳ್ಲಿಲ್ಲ. ಅಶೋಕನ ಮುಖದ ವಿಡಿಯೋ ಹಂಗೇ ಅದ, ಅದನ್ನೇ ಹೆಚ್ಚು ಮಂದಿ ನೋಡಿದ್ದು, ಅದನ್ನ ಹ್ಯಾಂಗ ತಗೀತಾರ. 'ಪ್ರಜ್ಞೆ'ದ ಕೋರ್ಸಿಗೆ ಎರಡನೇ ಬ್ಯಾಚ್ ತಗೊಂಡಾರ. ನಮ್ಮ ಕಾಲೇಜಿನ ಹುಡುಗ್ರು ಸೇರೋದು ಕಮ್ಮಿ ಆಗ್ಯದ ಅಂತ ನನಗ ಅನ್ನಿಸ್ತದ, ಆದ್ರ ಕೋರ್ಸಿಗೆ ಬೀದರದಿಂದ, ಸಿಂಧನೂರದಿಂದ ಬ್ಯಾರೆ ಹುಡುಗ್ರು ಬರ್ತಾರ, ನಮ್ಮ ರೀಡಿಂಗ್ ರೂಮ್ ಅಲ್ಲಿ ತನಕ ಮುಟ್ಟಂಗಿಲ್ಲ. ಒಂದು ಮಾತ್ರ ಒಪ್ಪಬೇಕು, ರಾತ್ರಿ ಹನ್ನೊಂದಕ್ಕ ಒಬ್ಬ ಹುಡುಗ ಫೋನ್ ಮಾಡಿ ಡೌಟ್ ಕೇಳಿದ್ರ ಸರ್ ಈಗಲೂ ಎತ್ತತಾರ. ನಮ್ಮಾಗ ಎಷ್ಟು ಮಂದಿ ಎತ್ತತೀವಿ?

ನಾವು ಮಾಡಿದ್ದ ಕೆಲಸದಾಗ ಉಳದದ್ದು ಒಂದು ಪಿಡಿಎಫ್. ಸನ್ನತಿ ಶಾಸನದಾಗ ಏನದ, ಕನಗನಹಳ್ಳಿ ಒಳಗ ಏನು ಸಿಕ್ತು, ಯಾವ ಮಾತಿಗೆ ಯಾವ ಪುಟ ಅಂತ ನಮ್ಮ ಕಡಿ ಕನ್ನಡದಾಗೇ ಬರ್ದು, ಫೋನಿನಾಗ ಓದೋ ಹಂಗ ಅಕ್ಷರ ದೊಡ್ಡು ಮಾಡಿ ವಾಟ್ಸಾಪಿನಾಗ ಬಿಟ್ವಿ. ಮೊನ್ನೆ ಸರ್ ಸನ್ನತಿ ಮ್ಯಾಲ ಹೊಸ ವಿಡಿಯೋ ಹಾಕ್ಯಾರ. ಹಿಂದ ಅದೇ ಕಪಾಟು, ಅದೇ ಪ್ಲಾಸ್ಟಿಕ್ ಹಾಳಿ. ನನ್ನ ಸ್ವಂತ ಸಂಶೋಧನೆ ಅಂತ ಶುರು ಮಾಡಿ ನಮ್ಮ ಪಿಡಿಎಫ್ ಸಾಲಿಗೆ ಸಾಲು ಓದ್ಯಾರ, ಮೇಡಂ ಹಾಕಿದ್ದ ಒಂದು ಅಲ್ಪವಿರಾಮ ಸುದ್ದಾ ಬಿಟ್ಟಿಲ್ಲ. ಹೆಸರು ಹೇಳಿಲ್ಲಂತ ಮೇಡಂಗೆ ಭಾರಿ ಸಿಟ್ಟು, ಕಾಮೆಂಟ್ ಹಾಕ್ತೀನಿ ಅಂತ ಕುಂತಿದ್ರು. ಕನ್ನಡ ಸರ್ ಮಾತ್ರ ವಿಡಿಯೋ ಪೂರಾ ನೋಡಿ, ಪುಟಸಂಖ್ಯೆ ಒಂದೊಂದೇ ಟಿಕ್ ಹಾಕ್ಕೋತ ಹೋಗಿ, "ಎಲ್ಲಾ ಬರೋಬ್ಬರಿ ಹೇಳ್ಯಾನ್ರೀ, ಇನ್ನೊಂದು ಪಿಡಿಎಫ್ ಮಾಡೋಣು, ಈ ಸಲ ಮಳಖೇಡದ್ದು" ಅಂದ್ರು.